ಮೈಲೇಜಿನಿಂದ ಬೇಡಿಕೆಯ ರೇಖೆಗೆ: ಹೈಬ್ರಿಡ್ ಕಾರಿನ ನೆಪದಲ್ಲಿ ಒಂದು ಗಣಿತ ಪಾಠ

ಪಾಠದ ಹಿನ್ನೆಲೆ

ಬಿ.ಇಡಿ. ಬೋಧನಾಭ್ಯಾಸದ ಅಂಗವಾಗಿ ಹನೂರು ತಾಲ್ಲೂಕಿನ ರಾಮಾಪುರದ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಗೆ ಗಣಿತ ಬೋಧಿಸುವ ಅವಕಾಶ ನನಗೆ ದೊರೆಯಿತು. ನನಗೆ ಕೊಟ್ಟ ಘಟಕ 'ಎರಡು ಚರಾಕ್ಷರಗಳಿರುವ ರೇಖಾತ್ಮಕ ಸಮೀಕರಣಗಳ ಜೋಡಿ'. ಈ ಘಟಕದ ಅಭ್ಯಾಸದಲ್ಲಿ ಟ್ಯಾಕ್ಸಿ ಬಾಡಿಗೆಯ ಲೆಕ್ಕವೊಂದಿದೆ. ನಿಗದಿತ ಶುಲ್ಕ ಒಂದು, ಪ್ರತಿ ಕಿಲೋಮೀಟರಿನ ದರ ಇನ್ನೊಂದು, ಎರಡನ್ನೂ ಕಂಡುಹಿಡಿಯಬೇಕು. ಮಕ್ಕಳು ಆ ಲೆಕ್ಕವನ್ನು ಸಲೀಸಾಗಿ ಬಿಡಿಸುತ್ತಾರೆ. ಆದರೆ ಉತ್ತರ ಬಂದ ಮೇಲೆ ಅದರಿಂದ ಯಾರು ಏನು ತೀರ್ಮಾನ ಮಾಡುತ್ತಾರೆ ಎಂಬ ಪ್ರಶ್ನೆ ಪುಸ್ತಕದಲ್ಲಿ ಬರುವುದಿಲ್ಲ.

ಆ ಪ್ರಶ್ನೆಯನ್ನು ತರಗತಿಗೆ ತರಲು ಹೈಬ್ರಿಡ್ ಕಾರನ್ನು ಆರಿಸಿಕೊಂಡೆ. ಇದಕ್ಕೆ ಎರಡು ಕಾರಣಗಳಿದ್ದವು. ಮೊದಲನೆಯದು, ಹೈಬ್ರಿಡ್ ಕಾರಿನ ಆರ್ಥಿಕತೆಯೇ ಎರಡು ಸರಳ ರೇಖೆಗಳ ಕಥೆ: ಕೊಳ್ಳುವಾಗ ಹೆಚ್ಚು ದುಡ್ಡು, ಓಡಿಸುವಾಗ ಕಡಿಮೆ ದುಡ್ಡು. ಎರಡನೆಯದು, ಮಲೆ ಮಹದೇಶ್ವರ ಬೆಟ್ಟಕ್ಕೆ ಹೋಗುವ ವಾಹನಗಳನ್ನು ಈ ಭಾಗದ ಮಕ್ಕಳು ಚಿಕ್ಕಂದಿನಿಂದ ನೋಡಿದ್ದಾರೆ. ಅಮಾವಾಸ್ಯೆ, ಶಿವರಾತ್ರಿ, ದೀಪಾವಳಿ ಬಂತೆಂದರೆ ಯಾವ ಗಾಡಿ ಎಷ್ಟು ಜನರನ್ನು ಹೊತ್ತು ಘಾಟಿ ಏರುತ್ತದೆ ಎಂಬುದು ಅವರಿಗೆ ನನಗಿಂತ ಚೆನ್ನಾಗಿ ಗೊತ್ತು.

ಮೂರು ಅವಧಿಗಳಲ್ಲಿ ನಡೆದ ಈ ಪಾಠದ ವಿವರವನ್ನು, ಮಕ್ಕಳ ಪ್ರಶ್ನೆಗಳನ್ನೂ ಸೇರಿಸಿ, ಸಹಪ್ರಶಿಕ್ಷಣಾರ್ಥಿಗಳ ಉಪಯೋಗಕ್ಕಾಗಿ ಇಲ್ಲಿ ಬರೆದಿದ್ದೇನೆ.

ಬೋಧನಾ ಉದ್ದೇಶಗಳು

1. ಒಂದು ನಿಜ ಸನ್ನಿವೇಶವನ್ನು ಎರಡು ರೇಖಾತ್ಮಕ ಸಮೀಕರಣಗಳಾಗಿ ಬರೆಯುವುದು ಮತ್ತು ಅವು ಛೇದಿಸುವ ಬಿಂದುವಿನ ಅರ್ಥವನ್ನು ಮಾತಿನಲ್ಲಿ ಹೇಳುವುದು.
2. 'ಮೈಲೇಜ್' ಮತ್ತು 'ಇಂಧನದ ಖರ್ಚು' ಪರಸ್ಪರ ವಿಲೋಮವೆಂಬುದನ್ನು ಲೆಕ್ಕದ ಮೂಲಕ ಕಂಡುಕೊಳ್ಳುವುದು.
3. ಬೇರೆ ಬೇರೆ ಅನುಭೋಗಿಗಳ ಲೆಕ್ಕಗಳನ್ನು ಜೋಡಿಸಿ ಬೇಡಿಕೆಯ ರೇಖೆಯನ್ನು ತಾವೇ ರಚಿಸುವುದು.
4. 'ಬೇಕು' ಮತ್ತು 'ಬೇಡಿಕೆ' ಎಂಬ ಎರಡು ಪದಗಳ ವ್ಯತ್ಯಾಸವನ್ನು ವಿವರಿಸುವುದು.

ಪೂರ್ವಜ್ಞಾನ: ರೇಖಾತ್ಮಕ ಸಮೀಕರಣ, ನಕ್ಷೆ ಎಳೆಯುವುದು, ಶೇಕಡಾವಾರು. ಬೋಧನೋಪಕರಣಗಳು: ನಕ್ಷಾ ಹಾಳೆ, ರಟ್ಟಿನಲ್ಲಿ ಕತ್ತರಿಸಿದ ಐದು ಕಾರ್ಡುಗಳು, ಬಣ್ಣದ ಸೀಮೆಸುಣ್ಣ.

ವಸ್ತು ಪರಿಚಯ

ಹೈಬ್ರಿಡ್ ಕಾರಿನಲ್ಲಿ ಪೆಟ್ರೋಲ್ ಎಂಜಿನ್ ಜೊತೆಗೆ ವಿದ್ಯುತ್ ಮೋಟಾರು ಮತ್ತು ಚಿಕ್ಕದೊಂದು ಬ್ಯಾಟರಿ ಇರುತ್ತವೆ. ಇಲ್ಲಿ ನಾವು ಮಾತನಾಡುತ್ತಿರುವುದು 'ಸ್ಟ್ರಾಂಗ್ ಹೈಬ್ರಿಡ್' ಎಂಬ ಬಗೆಯ ಕಾರಿನ ಬಗ್ಗೆ. ಇದಕ್ಕೆ ಚಾರ್ಜರ್ ಬೇಕಾಗಿಲ್ಲ. ಬ್ರೇಕ್ ಒತ್ತಿದಾಗ ಬಿಸಿಯಾಗಿ ಪೋಲಾಗುವ ಚಲನ ಶಕ್ತಿಯ ಒಂದು ಭಾಗವನ್ನು ಮೋಟಾರು ಜನರೇಟರಿನಂತೆ ಕೆಲಸ ಮಾಡಿ ಬ್ಯಾಟರಿಗೆ ತುಂಬುತ್ತದೆ. ಎಂಜಿನ್ ಕೂಡ ಅದನ್ನು ತುಂಬುತ್ತದೆ. ನಿಧಾನವಾಗಿ ಚಲಿಸುವಾಗ, ಸಿಗ್ನಲ್ಲಿನಲ್ಲಿ ನಿಂತು ಹೊರಡುವಾಗ ಗಾಡಿ ಮೋಟಾರಿನಿಂದಲೇ ಓಡಬಲ್ಲದು. ಒಂಬತ್ತನೇ ತರಗತಿಯ 'ಕೆಲಸ ಮತ್ತು ಶಕ್ತಿ' ಪಾಠವನ್ನು ನೆನಪಿಸಲು ಇದು ಒಳ್ಳೆಯ ಸಂದರ್ಭ.

ಮಾರಾಟಕ್ಕೆಂದು ಹೆಚ್ಚಿನ ಸಂಖ್ಯೆಯಲ್ಲಿ ತಯಾರಾದ ಮೊದಲ ಹೈಬ್ರಿಡ್ ಕಾರು ಟೊಯೋಟಾ ಪ್ರಿಯಸ್, 1997ರಲ್ಲಿ ಜಪಾನಿನಲ್ಲಿ ಬಂತು. ನಮ್ಮ ರಾಜ್ಯಕ್ಕೂ ಈ ಕಥೆಗೂ ನಂಟಿದೆ. ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2013ರಿಂದ ಕ್ಯಾಮ್ರಿ ಹೈಬ್ರಿಡ್ ಜೋಡಣೆಯಾಗುತ್ತಿತ್ತು. 2022ರಲ್ಲಿ ಅಲ್ಲಿಂದಲೇ ಅರ್ಬನ್ ಕ್ರೂಸರ್ ಹೈರೈಡರ್, ಮಾರುತಿ ಸುಜುಕಿ ಹೆಸರಿನಲ್ಲಿ ಮಾರುವ ಗ್ರ್ಯಾಂಡ್ ವಿಟಾರಾ ಮತ್ತು ಇನ್ನೋವಾ ಹೈಕ್ರಾಸ್ ಬಂದವು. 'ಇನ್ನೋವಾ' ಎಂದ ಕೂಡಲೇ ಹಿಂದಿನ ಬೆಂಚಿನವರೂ ನೆಟ್ಟಗೆ ಕುಳಿತರು.

ಮೊದಲ ಅವಧಿ: ಮೈಲೇಜ್ ಎಂಬ ಸಂಖ್ಯೆ

ಗಾಡಿಯ ಬಗ್ಗೆ ಯಾರನ್ನು ಕೇಳಿದರೂ ಮೊದಲ ಪ್ರಶ್ನೆ ಒಂದೇ: "ಎಷ್ಟು ಕೊಡುತ್ತೆ?" ತರಗತಿಯೂ ಅದನ್ನೇ ಕೇಳಿತು. ಕಂಪನಿಗಳು ಪ್ರಕಟಿಸಿದ ಪರೀಕ್ಷಾ ಅಂಕಿಗಳನ್ನು ಕಪ್ಪುಹಲಗೆಯ ಮೇಲೆ ಬರೆದೆ. ಗ್ರ್ಯಾಂಡ್ ವಿಟಾರಾದ ಸಾಧಾರಣ ಮ್ಯಾನುಯಲ್ ಮಾದರಿ ಲೀಟರಿಗೆ 21.11 ಕಿ.ಮೀ., ಅದರ ಸ್ಟ್ರಾಂಗ್ ಹೈಬ್ರಿಡ್ 27.97 ಕಿ.ಮೀ. ಇನ್ನೋವಾ ಹೈಕ್ರಾಸ್‌ನ ಪೆಟ್ರೋಲ್ ಮಾದರಿ 16.13, ಹೈಬ್ರಿಡ್ 23.24. ಲೆಕ್ಕಕ್ಕೆ ಅನುಕೂಲವಾಗಲೆಂದು ಇವನ್ನು 21 ಮತ್ತು 28, 16 ಮತ್ತು 23 ಎಂದು ಪೂರ್ಣಾಂಕ ಮಾಡಿಕೊಂಡೆವು. ಇವು ಪರೀಕ್ಷೆಯಲ್ಲಿ ಬಂದ ಅಂಕಿಗಳು, ರಸ್ತೆಯಲ್ಲಿ ಇಷ್ಟು ಸಿಗುವುದಿಲ್ಲ ಎಂದು ಮಕ್ಕಳೇ ಹೇಳಿದರು. ಹೋಲಿಕೆಗಾಗಿ ಮೂರನೆಯ ಸಾಲಿನಲ್ಲಿ ಬೈಕೊಂದನ್ನು ಸೇರಿಸಿದೆ: ಲೀಟರಿಗೆ 50 ಕಿ.ಮೀ. ಕೊಡುವ ಬೈಕು 57 ಕೊಡುವಂತಾದರೆ?

ಮೂರರಲ್ಲೂ ಹೆಚ್ಚಳ 7 ಕಿ.ಮೀ. "ಯಾವುದರಲ್ಲಿ ಹೆಚ್ಚು ಪೆಟ್ರೋಲ್ ಉಳಿಯುತ್ತದೆ?" ಎಂದು ಕೇಳಿದೆ. ಹೆಚ್ಚಿನವರ ಉತ್ತರ "ಮೂರರಲ್ಲೂ ಅಷ್ಟೇ" ಎಂದಾಗಿತ್ತು. ಬೈಕಿನಲ್ಲೇ ಹೆಚ್ಚು ಎಂದವರೂ ಇದ್ದರು. ಆಗ 100 ಕಿ.ಮೀ. ಓಡಲು ಎಷ್ಟು ಲೀಟರ್ ಬೇಕೆಂದು ಗುಂಪುಗಳಲ್ಲಿ ಲೆಕ್ಕ ಹಾಕಲು ಹೇಳಿದೆ. ಬಂದ ಉತ್ತರ ಹೀಗಿತ್ತು:

ಬೈಕು: 2.00 ಲೀಟರಿನಿಂದ 1.75 ಲೀಟರಿಗೆ. ಉಳಿತಾಯ ಸುಮಾರು 0.25 ಲೀಟರ್.
ಗ್ರ್ಯಾಂಡ್ ವಿಟಾರಾ: 4.76ರಿಂದ 3.57ಕ್ಕೆ. ಉಳಿತಾಯ 1.19 ಲೀಟರ್.
ಹೈಕ್ರಾಸ್: 6.25ರಿಂದ 4.35ಕ್ಕೆ. ಉಳಿತಾಯ 1.90 ಲೀಟರ್.

ಬೇರೆ ರೀತಿಯಲ್ಲಿ ಹೇಳುವುದಾದರೆ, ಒಂದು ಲೀಟರ್ ಉಳಿಸಲು ಬೈಕು ಸುಮಾರು 407 ಕಿ.ಮೀ. ಓಡಬೇಕು, ಗ್ರ್ಯಾಂಡ್ ವಿಟಾರಾ 84 ಕಿ.ಮೀ., ಹೈಕ್ರಾಸ್ ಸುಮಾರು 53 ಕಿ.ಮೀ. ಎರಡನೆಯ ಸಂಖ್ಯೆ ಬರುವ ರೀತಿ ಚೊಕ್ಕವಾಗಿದೆ: 21ರಲ್ಲಿ ಒಂದು ಭಾಗದಿಂದ 28ರಲ್ಲಿ ಒಂದು ಭಾಗವನ್ನು ಕಳೆದರೆ 84ರಲ್ಲಿ ಒಂದು ಭಾಗ. ಭಿನ್ನರಾಶಿಗಳ ವ್ಯವಕಲನವನ್ನು ಐದನೇ ತರಗತಿಯಿಂದ ಮಾಡುತ್ತ ಬಂದ ಮಕ್ಕಳಿಗೆ ಅದು ಗಾಡಿಯ ಮೇಲೆ ಕೂತಿದ್ದು ಕಂಡು ಖುಷಿಯಾಯಿತು.

ಲೀಟರಿಗೆ ಎಷ್ಟು ಕಿಲೋಮೀಟರ್ ಎಂಬ ಅಂಕಿ ಗಾಡಿಯ ಗುಣವನ್ನು ಹೇಳುತ್ತದೆ. ಜೇಬಿನಿಂದ ಹೋಗುವ ದುಡ್ಡು ಕಿಲೋಮೀಟರಿಗೆ ಎಷ್ಟು ಲೀಟರ್ ಎಂಬುದನ್ನು ಅವಲಂಬಿಸಿದೆ. ಹೆಚ್ಚು ಇಂಧನ ಕುಡಿಯುವ ದೊಡ್ಡ ಗಾಡಿಯಲ್ಲಿ ಹೈಬ್ರಿಡ್ ತಂತ್ರಜ್ಞಾನದ ಬೆಲೆ ಬೇಗ ವಾಪಸ್ಸು ಬರುತ್ತದೆ ಎಂಬ ತೀರ್ಮಾನಕ್ಕೆ ತರಗತಿ ತಾನಾಗಿ ಬಂತು.

ಎರಡನೇ ಅವಧಿ: ರೇಖೆಗಳು ಸೇರುವ ಬಿಂದು

ಈ ಅವಧಿಗೆ ಕೆಲವು ಸರಳ ಊಹೆಗಳನ್ನು ಮಾಡಿಕೊಂಡೆವು. ಸಾಧಾರಣ ಪೆಟ್ರೋಲ್ ಕಾರಿನ ಬೆಲೆ ₹15,00,000. ಅದೇ ಬಗೆಯ ಹೈಬ್ರಿಡ್ ಕಾರಿನ ಬೆಲೆ ₹17,00,000. ಪೆಟ್ರೋಲ್ ಲೀಟರಿಗೆ ₹100. ಮೈಲೇಜ್ 21 ಮತ್ತು 28. ಆಗ ಸಮೀಕರಣಗಳು:

ಪೆಟ್ರೋಲ್ ಕಾರು: ಒಟ್ಟು ಖರ್ಚು = 15,00,000 + (100 ÷ 21) × ದೂರ
ಹೈಬ್ರಿಡ್ ಕಾರು: ಒಟ್ಟು ಖರ್ಚು = 17,00,000 + (100 ÷ 28) × ದೂರ

ಎರಡನ್ನೂ ಸಮ ಮಾಡಿ ಬಿಡಿಸಿದರೆ ದೂರ 1,68,000 ಕಿ.ಮೀ., ಖರ್ಚು ₹23,00,000. ಲೆಕ್ಕವನ್ನು ತಾಳೆ ನೋಡುವುದೂ ಸುಲಭ: ಅಷ್ಟು ದೂರಕ್ಕೆ ಪೆಟ್ರೋಲ್ ಕಾರಿಗೆ ₹8,00,000 ಇಂಧನ, ಹೈಬ್ರಿಡ್‌ಗೆ ₹6,00,000. ಉಳಿದ ₹2,00,000 ಕೊಳ್ಳುವಾಗ ಕೊಟ್ಟ ಹೆಚ್ಚುವರಿ ಬೆಲೆಗೆ ಸರಿಹೋಯಿತು. ನಕ್ಷೆಯಲ್ಲಿ ಪೆಟ್ರೋಲ್ ಕಾರಿನ ರೇಖೆ ಕೆಳಗಿನಿಂದ ಹೊರಟು ಕಡಿದಾಗಿ ಏರುತ್ತದೆ. ಹೈಬ್ರಿಡ್‌ನ ರೇಖೆ ಮೇಲಿನಿಂದ ಹೊರಟು ನಿಧಾನವಾಗಿ ಏರುತ್ತದೆ. ಛೇದನ ಬಿಂದುವಿನ ಎಡಕ್ಕೆ ಪೆಟ್ರೋಲ್ ಕಾರು ಅಗ್ಗ, ಬಲಕ್ಕೆ ಹೈಬ್ರಿಡ್ ಅಗ್ಗ.

"ಹಾಗಾದರೆ ಯಾವ ಕಾರು ಒಳ್ಳೆಯದು?" ಎಂಬ ನನ್ನ ಪ್ರಶ್ನೆಗೆ ಒಬ್ಬ ಹುಡುಗ ಕೊಟ್ಟ ಉತ್ತರ ಇಡೀ ಪಾಠದ ತಿರುಳಾಗಿತ್ತು: "ಅದು ಯಾರು ಓಡುಸ್ತಾರೆ ಅನ್ನದ್ರ ಮೇಲೆ ಅದೆ ಮಿಸ್."

ಆಗ ಐದು ಗುಂಪುಗಳಿಗೆ ಐದು ಕಾರ್ಡು ಹಂಚಿದೆ. ಪ್ರತಿ ಕಾರ್ಡಿನಲ್ಲಿ ಒಬ್ಬ ಅನುಭೋಗಿ ಮತ್ತು ಅವರು ವರ್ಷಕ್ಕೆ ಓಡಿಸುವ ದೂರ ಇತ್ತು. ದೂರಗಳು ಪಾಠಕ್ಕಾಗಿ ನಾನೇ ಊಹಿಸಿ ಬರೆದವು. ಎಲ್ಲರೂ ಗಾಡಿಯನ್ನು 6 ವರ್ಷ ಇಟ್ಟುಕೊಳ್ಳುತ್ತಾರೆ ಎಂದುಕೊಂಡೆವು. ಗುಂಪಿನ ಕೆಲಸ: ಈ ವ್ಯಕ್ತಿ ಹೈಬ್ರಿಡ್‌ಗಾಗಿ ನಷ್ಟವಿಲ್ಲದೆ ಹೆಚ್ಚೆಂದರೆ ಎಷ್ಟು ಹೆಚ್ಚುವರಿ ಬೆಲೆ ಕೊಡಬಹುದು?

ಬೆಟ್ಟಕ್ಕೆ ಭಕ್ತರನ್ನು ಕರೆದೊಯ್ಯುವ ಟ್ಯಾಕ್ಸಿಯವರು: ವರ್ಷಕ್ಕೆ 42,000 ಕಿ.ಮೀ., 6 ವರ್ಷಕ್ಕೆ ಉಳಿಯುವ ಪೆಟ್ರೋಲ್ 3,000 ಲೀಟರ್, ಗರಿಷ್ಠ ಬೆಲೆ ₹3,00,000.
ಕೊಳ್ಳೇಗಾಲದಿಂದ ದಿನಾ ಬಂದುಹೋಗುವ ನೌಕರರು: 28,000 ಕಿ.ಮೀ., 2,000 ಲೀಟರ್, ₹2,00,000.
ರೇಷ್ಮೆಗೂಡು ಕೊಂಡು ಮಾರುವ ವ್ಯಾಪಾರಿ: 14,000 ಕಿ.ಮೀ., 1,000 ಲೀಟರ್, ₹1,00,000.
ರಾಮಾಪುರದ ಅಂಗಡಿಯವರು: 7,000 ಕಿ.ಮೀ., 500 ಲೀಟರ್, ₹50,000.
ಹಬ್ಬ, ಮದುವೆಗೆ ಮಾತ್ರ ಕಾರು ತೆಗೆಯುವ ನಿವೃತ್ತ ಶಿಕ್ಷಕರು: 3,500 ಕಿ.ಮೀ., 250 ಲೀಟರ್, ₹25,000.

ಕಾರು ಒಂದೇ, ಪೆಟ್ರೋಲ್ ದರ ಒಂದೇ. ಆದರೂ ಅದರ ಮೌಲ್ಯ ಒಬ್ಬರಿಗೆ ಮೂರು ಲಕ್ಷ, ಇನ್ನೊಬ್ಬರಿಗೆ ಇಪ್ಪತ್ತೈದು ಸಾವಿರ. ಇದನ್ನು ನಾನು ಹೇಳಬೇಕಾಗಲಿಲ್ಲ. ಐದು ಗುಂಪುಗಳ ಉತ್ತರಗಳು ಕಪ್ಪುಹಲಗೆಯ ಮೇಲೆ ಒಂದರ ಕೆಳಗೊಂದು ಬಂದಾಗ ಮಕ್ಕಳೇ ನೋಡಿದರು.

ನಂತರ ಲಂಬ ಅಕ್ಷದಲ್ಲಿ ಹೆಚ್ಚುವರಿ ಬೆಲೆ, ಅಡ್ಡ ಅಕ್ಷದಲ್ಲಿ ಕೊಳ್ಳುವವರ ಸಂಖ್ಯೆ ಬರೆದು ಪ್ರಶ್ನೆ ಕೇಳುತ್ತ ಹೋದೆ. ಹೆಚ್ಚುವರಿ ಬೆಲೆ ₹3,00,000 ಇದ್ದರೆ ಎಷ್ಟು ಜನ ಕೊಳ್ಳುತ್ತಾರೆ? ಒಬ್ಬರು. ₹2,00,000 ಆದರೆ? ಇಬ್ಬರು. ₹1,00,000ಕ್ಕೆ ಮೂವರು, ₹50,000ಕ್ಕೆ ನಾಲ್ವರು, ₹25,000ಕ್ಕೆ ಐವರೂ. ಬಿಂದುಗಳನ್ನು ಸೇರಿಸಿದಾಗ ಕೆಳಗಿಳಿಯುವ ಮೆಟ್ಟಿಲು ಮೂಡಿತು. ಪಿ.ಯು.ಸಿ. ಅರ್ಥಶಾಸ್ತ್ರದಲ್ಲಿ ಎಡದಿಂದ ಬಲಕ್ಕೆ ಇಳಿಯುವ ಬೇಡಿಕೆಯ ರೇಖೆಯನ್ನು ಒಮ್ಮೆಲೇ ಎಳೆದು ತೋರಿಸುವುದು ವಾಡಿಕೆ. ಇಲ್ಲಿ ಆ ರೇಖೆ ಐದು ಮನೆಗಳ ಲೆಕ್ಕದಿಂದ ಹುಟ್ಟಿತು. ಐದರ ಬದಲು ಐದು ಸಾವಿರ ಅನುಭೋಗಿಗಳಿದ್ದರೆ ಮೆಟ್ಟಿಲುಗಳು ಸಣ್ಣದಾಗಿ ನುಣುಪಾದ ಇಳಿಜಾರಾಗುತ್ತದೆ ಎಂದು ವಿವರಿಸಿದೆ.

ತೆರಿಗೆ ಮತ್ತು ಪೆಟ್ರೋಲ್ ದರ: ಎರಡು ಬಗೆಯ ಬದಲಾವಣೆ

ಬೇಡಿಕೆಯ ಪಾಠದಲ್ಲಿ ಕಲಿಯುವವರು ಹೆಚ್ಚು ತಡವರಿಸುವುದು ಎರಡು ಸಂಗತಿಗಳ ನಡುವೆ. ಬೆಲೆ ಬದಲಾದಾಗ ನಾವು ಅದೇ ರೇಖೆಯ ಮೇಲೆ ಸರಿಯುತ್ತೇವೆ. ಬೇರೆ ಅಂಶ ಬದಲಾದಾಗ ರೇಖೆಯೇ ಸರಿಯುತ್ತದೆ. ನಮ್ಮ ಎರಡನೇ ಕಾರ್ಡು, ಅಂದರೆ ಕೊಳ್ಳೇಗಾಲದ ನೌಕರರು, ಈ ವ್ಯತ್ಯಾಸ ತೋರಿಸಲು ಬಹಳ ಉಪಯೋಗಕ್ಕೆ ಬಂದರು.

ಅಲ್ಲಿಯವರೆಗೆ ನಾವು ಷೋರೂಂ ಬೆಲೆಯಲ್ಲಿ ಮಾತನಾಡುತ್ತಿದ್ದೆವು. ಒಬ್ಬ ಹುಡುಗ "ಆನ್ ರೋಡ್ ಎಷ್ಟಾಯ್ತದೆ?" ಎಂದು ಕೇಳಿದ. ಕರ್ನಾಟಕದಲ್ಲಿ 10 ಲಕ್ಷದಿಂದ 20 ಲಕ್ಷ ರೂಪಾಯಿವರೆಗಿನ ಕಾರಿನ ಜೀವಿತಾವಧಿ ತೆರಿಗೆ ಶೇ 17. ಹಾಗಾಗಿ ₹2,00,000 ಹೆಚ್ಚುವರಿ ಬೆಲೆಯ ಮೇಲೆ ₹34,000 ತೆರಿಗೆ ಬಂದು ಅಂತರ ₹2,34,000 ಆಗುತ್ತದೆ. ನೌಕರರು ಕೊಡಬಲ್ಲದ್ದು ₹2,00,000. ಅವರು ಹಿಂದೆ ಸರಿದರು. ಕೊಳ್ಳುವವರು ಇಬ್ಬರಿಂದ ಒಬ್ಬರಾದರು. ಇದು ಅದೇ ರೇಖೆಯ ಮೇಲಿನ ಚಲನೆ.

ಈಗ ಪೆಟ್ರೋಲ್ ₹100ರಿಂದ ₹120 ಆಯಿತು ಎಂದುಕೊಳ್ಳೋಣ. ಐದೂ ಕಾರ್ಡುಗಳ ಮೌಲ್ಯ ಶೇ 20ರಷ್ಟು ಏರುತ್ತದೆ. ನೌಕರರ ಗರಿಷ್ಠ ಬೆಲೆ ₹2,40,000. ಅಂತರ ₹2,34,000 ಹಾಗೆಯೇ ಇದೆ. ಅವರು ಮತ್ತೆ ಕೊಳ್ಳುವವರ ಸಾಲಿಗೆ ಬಂದರು. ಇಲ್ಲಿ ಕಾರಿನ ಬೆಲೆ ಬದಲಾಗಲಿಲ್ಲ, ಮೆಟ್ಟಿಲುಗಳೆಲ್ಲ ಒಟ್ಟಿಗೆ ಮೇಲೆದ್ದವು. ಹಳದಿ ಸೀಮೆಸುಣ್ಣದಲ್ಲಿ ಹೊಸ ಮೆಟ್ಟಿಲನ್ನು ಬರೆದಾಗ ವ್ಯತ್ಯಾಸ ಕಣ್ಣಿಗೆ ಕಂಡಿತು. ಪೆಟ್ರೋಲ್ ಕಾರಿಗೂ ಹೈಬ್ರಿಡ್ ಕಾರಿಗೂ ಪೆಟ್ರೋಲ್ ಪೂರಕ ಸರಕೇ. ಆದರೆ ಪೆಟ್ರೋಲ್ ಕಾರು ಹೆಚ್ಚು ಕುಡಿಯುವುದರಿಂದ ಅದರ ಹೊರೆ ಹೆಚ್ಚುತ್ತದೆ. ಹಾಗಾಗಿ ಅದರ ಬದಲಿ ಸರಕಾದ ಹೈಬ್ರಿಡ್‌ಗೆ ಬೇಡಿಕೆ ಏರುತ್ತದೆ.

ಸರ್ಕಾರಗಳ ನಿಜ ನಿರ್ಧಾರಗಳನ್ನು ಇದೇ ಮೆಟ್ಟಿಲಿನ ಮೇಲೆ ಇಟ್ಟು ನೋಡಬಹುದು. 2017ರ ಜುಲೈಯಲ್ಲಿ ಜಿಎಸ್‌ಟಿ ಬಂದಾಗ ಇಂಥ ಹೈಬ್ರಿಡ್ ಕಾರುಗಳ ಮೇಲೆ ಶೇ 28 ತೆರಿಗೆ ಮತ್ತು ಶೇ 15 ಸೆಸ್, ಒಟ್ಟು ಶೇ 43 ಬಿತ್ತು. ವಿದ್ಯುತ್ ವಾಹನಗಳ ತೆರಿಗೆ 2019ರ ಆಗಸ್ಟ್ 1ರಿಂದ ಶೇ 12ರಿಂದ ಶೇ 5ಕ್ಕೆ ಇಳಿಯಿತು. 2025ರ ಸೆಪ್ಟೆಂಬರ್ 22ರಿಂದ ಸೆಸ್ ಹೋಗಿ ದೊಡ್ಡ ಹೈಬ್ರಿಡ್ ಕಾರುಗಳಿಗೆ ಶೇ 40 ಆಯಿತು, ವಿದ್ಯುತ್ ಕಾರುಗಳಿಗೆ ಶೇ 5 ಉಳಿಯಿತು. ರಾಜ್ಯಗಳ ದಾರಿಯೂ ಒಂದೇ ಅಲ್ಲ. 2024ರ ಜುಲೈಯಲ್ಲಿ ಉತ್ತರ ಪ್ರದೇಶ ಸ್ಟ್ರಾಂಗ್ ಹೈಬ್ರಿಡ್ ಕಾರುಗಳ ನೋಂದಣಿ ತೆರಿಗೆಯನ್ನು ಮನ್ನಾ ಮಾಡಿತು. ಕರ್ನಾಟಕ 2016ರಲ್ಲಿ ವಿದ್ಯುತ್ ವಾಹನಗಳಿಗೆ ತೆರಿಗೆ ವಿನಾಯಿತಿ ಕೊಟ್ಟು, 2024ರಲ್ಲಿ 25 ಲಕ್ಷ ರೂಪಾಯಿ ಮೀರಿದ ವಿದ್ಯುತ್ ಕಾರುಗಳಿಗೆ ಶೇ 10 ಜೀವಿತಾವಧಿ ತೆರಿಗೆ ತಂದಿತು.

ಮಕ್ಕಳಿಗೆ ಕೊಟ್ಟ ಲೆಕ್ಕ ಇದು: ಹೈಬ್ರಿಡ್‌ನ ಹೆಚ್ಚುವರಿ ಯಂತ್ರಭಾಗಗಳ ಬೆಲೆ ತೆರಿಗೆಗೆ ಮೊದಲು ₹1,40,000 ಎಂದುಕೊಳ್ಳಿ. ಆ ಭಾಗದ ಮೇಲಿನ ತೆರಿಗೆ ಶೇ 43, ಶೇ 40 ಮತ್ತು ಶೇ 5 ಇದ್ದಾಗ ಎಷ್ಟಾಗುತ್ತದೆ? ಉತ್ತರಗಳು ಕ್ರಮವಾಗಿ ₹2,00,200, ₹1,96,000 ಮತ್ತು ₹1,47,000. ಶೇ 17 ರಸ್ತೆ ತೆರಿಗೆ ಸೇರಿಸಿದರೆ ಕೊನೆಯದು ₹1,71,990. ಪೆಟ್ರೋಲ್ ₹100 ಇದ್ದರೂ ನೌಕರರು ಈಗ ಕೊಳ್ಳಬಲ್ಲರು. ಆದರೆ ₹1,00,000 ಮೌಲ್ಯದ ರೇಷ್ಮೆಗೂಡಿನ ವ್ಯಾಪಾರಿ ಇನ್ನೂ ಹೊರಗೇ ಇದ್ದಾರೆ. ಬೆಲೆ ಎಷ್ಟು ಇಳಿದರೆ ಎಷ್ಟು ಜನ ಹೆಚ್ಚುತ್ತಾರೆ ಎಂಬ ಈ ಪ್ರಶ್ನೆಗೆ ಅರ್ಥಶಾಸ್ತ್ರದಲ್ಲಿ 'ಬೇಡಿಕೆಯ ಸ್ಥಿತಿಸ್ಥಾಪಕತ್ವ' ಎಂಬ ಹೆಸರಿದೆ. ಹೆಸರನ್ನು ಕೊನೆಯಲ್ಲಿ ಹೇಳಿದ್ದರಿಂದ ಅದು ಭಾರವಾಗಲಿಲ್ಲ.

ಮೂರನೇ ಅವಧಿ: ಪೆಟ್ರೋಲ್ ಹಾಕಿಸುವವರು ಯಾರು?

ಮೂರನೇ ಅವಧಿಯನ್ನು ಮಕ್ಕಳ ಪ್ರಶ್ನೆಗಳಿಗೆ ಮೀಸಲಿಟ್ಟಿದ್ದೆ. ಎರಡು ಪ್ರಶ್ನೆಗಳನ್ನು ಇಲ್ಲಿ ದಾಖಲಿಸುತ್ತೇನೆ.

ಮೊದಲನೆಯದು ಚಾಲಕರೊಬ್ಬರ ಮಗನದು. "ನಮ್ಮಪ್ಪ ಓಡ್ಸೋದು ಓನರ್ ಗಾಡಿ ಮಿಸ್. ಗಾಡಿ ತಗಳೋರು ಓನರ್. ಬಾಡಿಗೆಗೆ ಬಂದೋರೇ ಎಣ್ಣೆ ಹಾಕುಸ್ತಾರೆ ಅಂದ್ರೆ ಓನರ್ ಯಾಕೆ ಎರಡು ಲಕ್ಷ ಜಾಸ್ತಿ ಕೊಡ್ತಾರೆ?" ಮೊದಲ ಕಾರ್ಡಿನಲ್ಲಿ ₹3,00,000 ಎಂದು ಬರೆದಿದ್ದ ಗುಂಪು ಸುಮ್ಮನಾಯಿತು. ಹೆಚ್ಚುವರಿ ಬೆಲೆ ಕೊಡುವವರು ಮತ್ತು ಉಳಿತಾಯ ಪಡೆಯುವವರು ಒಬ್ಬರೇ ಆಗಿದ್ದರೆ ಮಾತ್ರ ನಮ್ಮ ಲೆಕ್ಕ ನಿಲ್ಲುತ್ತದೆ. ಇಬ್ಬರೂ ಬೇರೆಯಾದರೆ, ಲಾಭವಿದ್ದರೂ ಬೇಡಿಕೆ ಹುಟ್ಟುವುದಿಲ್ಲ. ಬಾಡಿಗೆ ಮಾತಾಡುವಾಗ ಕಿಲೋಮೀಟರಿಗೆ ಇಷ್ಟು ಎಂದು ಎಣ್ಣೆ ಸೇರಿಸಿಯೇ ದರ ಹೇಳಿದರೆ ಉಳಿತಾಯ ಓನರ್‌ಗೆ ಸಿಗುತ್ತದೆ, ಆಗ ಲೆಕ್ಕ ಮತ್ತೆ ಸರಿಯಾಗುತ್ತದೆ ಎಂದು ಇನ್ನೊಂದು ಗುಂಪು ಹೇಳಿತು. ಒಪ್ಪಂದದ ಸ್ವರೂಪ ಬೇಡಿಕೆಯನ್ನು ಬದಲಿಸುತ್ತದೆ ಎಂಬ ಈ ಮಾತು ನನ್ನ ಪಾಠ ಯೋಜನೆಯಲ್ಲಿ ಇರಲಿಲ್ಲ.

ಇದೇ ಸಂದರ್ಭದಲ್ಲಿ ಸಾಲದ ಮಾತೂ ಬಂತು. ಟ್ಯಾಕ್ಸಿಯವರ ಉಳಿತಾಯ ವರ್ಷಕ್ಕೆ ₹50,000. ಹೆಚ್ಚುವರಿ ₹2,00,000 ಹಿಂದಿರುಗಲು 4 ವರ್ಷ ಬೇಕು. ಆ ಹಣವನ್ನು ಶೇ 10 ಬಡ್ಡಿಗೆ ತಂದಿದ್ದರೆ ಮೊದಲ ವರ್ಷವೇ ₹20,000 ಬಡ್ಡಿಗೆ ಹೋಗುತ್ತದೆ. ಹೆಚ್ಚುವರಿ ಬೆಲೆಯನ್ನು ಇಂದೇ ಕೊಡಬೇಕು, ಉಳಿತಾಯ ಆರು ವರ್ಷ ತುಣುಕು ತುಣುಕಾಗಿ ಬರುತ್ತದೆ. ಸರಳ ಬಡ್ಡಿ ಕಲಿತ ಮಕ್ಕಳಿಗೆ ಇದನ್ನು ಮುಂದುವರಿಸುವ ಕೆಲಸವನ್ನು ಮನೆಗೆಲಸವಾಗಿ ಕೊಟ್ಟೆ.

'ಬೇಕು' ಮತ್ತು 'ಬೇಡಿಕೆ'

ಎರಡನೆಯ ಪ್ರಶ್ನೆ ಬಂದದ್ದು, ಪ್ರತಿಯೊಬ್ಬರೂ ತಮ್ಮ ಮನೆಯ ಕಾರ್ಡನ್ನು ತಾವೇ ಬರೆಯಿರಿ ಎಂದಾಗ. ಒಬ್ಬ ಹುಡುಗಿ ಎದ್ದು ನಿಂತು ಕೇಳಿದಳು: "ನಮ್ಮನೇಲಿ ಯಾವ ಗಾಡಿನೂ ಇಲ್ಲ ಮಿಸ್. ನಾನು ಸೊನ್ನೆ ಅಂತ ಬರೀಲಾ?"

ಹಿಂದಿನಿಂದ ಯಾರೋ ನಕ್ಕರು. ಆ ನಗುವನ್ನು ಹಾಗೇ ಬಿಡುವಂತಿರಲಿಲ್ಲ. ಅವಳ ಪ್ರಶ್ನೆ ಲೆಕ್ಕದ ದೃಷ್ಟಿಯಿಂದಲೂ ಸರಿಯಾದದ್ದು. ಕಪ್ಪುಹಲಗೆಯನ್ನು ಎರಡು ಭಾಗ ಮಾಡಿ ಒಂದರ ಮೇಲೆ 'ಬೇಕು', ಇನ್ನೊಂದರ ಮೇಲೆ 'ಬೇಡಿಕೆ' ಎಂದು ಬರೆದೆ. "ಪತ್ರಿಕೆಯಲ್ಲಿ 'ಬೇಡಿಕೆ' ಎಂಬ ಪದವನ್ನು ಎಲ್ಲಿ ನೋಡಿದ್ದೀರಿ?" ಎಂದು ಕೇಳಿದೆ. ರೈತರ ಬೇಡಿಕೆ, ಆಶಾ ಕಾರ್ಯಕರ್ತೆಯರ ಬೇಡಿಕೆ, ಬಸ್ ಬಿಡುವಂತೆ ವಿದ್ಯಾರ್ಥಿಗಳ ಬೇಡಿಕೆ ಎಂದು ಒಂದೊಂದಾಗಿ ಉತ್ತರ ಬಂತು. ಅಲ್ಲಿ ಬೇಡಿಕೆ ಎಂದರೆ ಕೇಳುವುದು. ಕೇಳಲು ಕೈಯಲ್ಲಿ ದುಡ್ಡಿರಬೇಕಾಗಿಲ್ಲ, ಒಬ್ಬರಿಗೆ ಒಂದು ದನಿ. ಅರ್ಥಶಾಸ್ತ್ರದ ಬೇಡಿಕೆ ಬೇರೆ. ಅಲ್ಲಿ ಕೊಳ್ಳುವ ಇಚ್ಛೆಯ ಜೊತೆ ಕೊಳ್ಳುವ ಶಕ್ತಿಯೂ ಇರಬೇಕು, ಇಂಥ ಬೆಲೆಗೆ ಇಷ್ಟು ಎಂದು ಹೇಳುವಂತಿರಬೇಕು. ಆ ಲೆಕ್ಕದಲ್ಲಿ ದುಡ್ಡಿಲ್ಲದವರ ದನಿ ಸೊನ್ನೆ. ಒಂದೇ ಕನ್ನಡ ಪದ ಎರಡೂ ಕೆಲಸ ಮಾಡುವುದರಿಂದ ಈ ವ್ಯತ್ಯಾಸವನ್ನು ಮಕ್ಕಳಿಗೆ ಬಿಡಿಸಿ ಹೇಳದಿದ್ದರೆ, 'ಬೇಡಿಕೆ ಇಲ್ಲ' ಎಂದರೆ 'ಅಗತ್ಯ ಇಲ್ಲ' ಎಂದೇ ಅವರು ತಿಳಿಯುತ್ತಾರೆ.

"ನಿಮ್ಮ ಮನೆಯವರು ಪ್ರಯಾಣ ಮಾಡುವುದೇ ಇಲ್ಲವೇ?" ಎಂದು ಆ ಹುಡುಗಿಯನ್ನು ಕೇಳಿದೆ. ಅಮ್ಮ ಹನೂರಿಗೆ, ಕೊಳ್ಳೇಗಾಲಕ್ಕೆ ಬಸ್ಸಿನಲ್ಲಿ ಹೋಗುತ್ತಾರೆ, 'ಫ್ರೀ ಬಸ್' ಬಂದ ಮೇಲೆ ಹೆಚ್ಚು ಹೋಗುತ್ತಾರೆ ಎಂದಳು. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಪ್ರಯಾಣ ಉಚಿತ. ಬೆಲೆ ಇಳಿದಾಗ ಪ್ರಮಾಣ ಏರುತ್ತದೆ ಎಂಬ ಬೇಡಿಕೆಯ ನಿಯಮಕ್ಕೆ ಇದಕ್ಕಿಂತ ಹತ್ತಿರದ ಉದಾಹರಣೆ ಇರಲಿಲ್ಲ. ಆಗ ಇನ್ನೊಬ್ಬಳು, "ಟಿಕೆಟ್ ಫ್ರೀ, ಆದ್ರೆ ಬಸ್ ಬರೋಗಂಟ ಕಾಯ್ಬೇಕಲ್ಲ" ಎಂದಳು. ಕಾಯುವ ಹೊತ್ತಿನಲ್ಲಿ ಕೂಲಿ ಹೋಗುತ್ತದೆ ಎಂದಾದರೆ ಆ ಹೊತ್ತೂ ಬೆಲೆಯೇ. ಹೀಗೆ ಆರನೆಯ ಕಾರ್ಡು ಸಿದ್ಧವಾಯಿತು: ಬಸ್ಸಿನ ಪ್ರಯಾಣಿಕರು. ಹೈಬ್ರಿಡ್‌ಗೆ ಅವರು ಕೊಡುವ ಹೆಚ್ಚುವರಿ ಬೆಲೆ ಸೊನ್ನೆ. ಪ್ರಯಾಣದ ಅಗತ್ಯ ಸೊನ್ನೆ ಅಲ್ಲ.

ಕೊನೆಯ ಹತ್ತು ನಿಮಿಷ ತರಗತಿಯನ್ನು ಎರಡು ಪಕ್ಷ ಮಾಡಿದೆ. ಸರ್ಕಾರ ಹೈಬ್ರಿಡ್ ಕಾರಿನ ತೆರಿಗೆ ಬಿಡಬೇಕೆ, ಅಥವಾ ಆ ಹಣದಲ್ಲಿ ಬಸ್ಸು ಹೆಚ್ಚಿಸಬೇಕೆ? ತೆರಿಗೆ ಇಳಿದರೆ ಲಾಭ ಎರಡನೇ ಕಾರ್ಡಿಗೆ, ಆರನೇ ಕಾರ್ಡಿಗೆ ಏನೂ ಇಲ್ಲ ಎಂದು ಒಂದು ಪಕ್ಷ ವಾದಿಸಿತು. ಒಂದು ಕಾರು ಉಳಿಸುವ 2,000 ಲೀಟರ್ ಪೆಟ್ರೋಲಿನ ಹೊಗೆ ಎಲ್ಲರಿಗೂ ಕಡಿಮೆಯಾಗುತ್ತದೆ, ಅದು ಆರನೇ ಕಾರ್ಡಿನವರಿಗೂ ಲಾಭ ಎಂದು ಇನ್ನೊಂದು ಪಕ್ಷ ಹೇಳಿತು. ತೀರ್ಪು ಕೊಡದೆ ಎರಡೂ ವಾದಗಳನ್ನು ಕಪ್ಪುಹಲಗೆಯ ಮೇಲೆ ಹಾಗೆಯೇ ಬಿಟ್ಟೆ.

ಮೌಲ್ಯಮಾಪನ

ಘಟಕದ ಕೊನೆಯಲ್ಲಿ ಈ ಪ್ರಶ್ನೆಗಳನ್ನು ಕೊಟ್ಟೆ.

1. ಲೀಟರಿಗೆ 12 ಕಿ.ಮೀ. ಕೊಡುವ ವ್ಯಾನು 15 ಕೊಡುವಂತಾದರೆ ಒಂದು ಲೀಟರ್ ಉಳಿಸಲು ಎಷ್ಟು ದೂರ ಓಡಬೇಕು? (ಉತ್ತರ: 60 ಕಿ.ಮೀ.)
2. ಹೆಚ್ಚುವರಿ ಬೆಲೆ ₹1,50,000, ಪೆಟ್ರೋಲ್ ₹100, ಮೈಲೇಜ್ 21 ಮತ್ತು 28 ಇದ್ದಾಗ ಎರಡು ರೇಖೆಗಳು ಎಷ್ಟು ದೂರದಲ್ಲಿ ಛೇದಿಸುತ್ತವೆ? (ಉತ್ತರ: 1,26,000 ಕಿ.ಮೀ.)
3. 'ನಮ್ಮೂರಿನಲ್ಲಿ ಇದಕ್ಕೆ ಬೇಡಿಕೆ ಇಲ್ಲ' ಎಂಬ ವಾಕ್ಯಕ್ಕೆ ಎರಡು ಬೇರೆ ಅರ್ಥಗಳನ್ನು ಉದಾಹರಣೆಯೊಂದಿಗೆ ಬರೆಯಿರಿ.

ಮೊದಲ ಎರಡನ್ನು ಬಹುತೇಕ ಎಲ್ಲರೂ ಸರಿಯಾಗಿ ಮಾಡಿದರು. ಗಣಿತದಲ್ಲಿ ಸಾಮಾನ್ಯವಾಗಿ ಹಿಂದುಳಿಯುವ ಕೆಲವರು ಮೂರನೆಯದಕ್ಕೆ ಒಳ್ಳೆಯ ಉತ್ತರ ಬರೆದರು. ಒಬ್ಬಳು ಹೊಸ ಚಪ್ಪಲಿಯ ಉದಾಹರಣೆ ಕೊಟ್ಟಿದ್ದಳು.

ಈ ಪಾಠ ಮಾಡುವವರಿಗೆ ಸಲಹೆಗಳು

ಪಾಠ ವೀಕ್ಷಿಸಿದ ನಮ್ಮ ಉಪನ್ಯಾಸಕರು, ಇದು ಗಣಿತದ ಅವಧಿಯೋ ಸಮಾಜ ವಿಜ್ಞಾನದ ಅವಧಿಯೋ ಎಂದು ಕೇಳಿದರು. ಛೇದನ ಬಿಂದುವನ್ನು ಕಂಡುಹಿಡಿಯುವವರೆಗೆ ಗಣಿತ, ಅದರ ಎಡಬಲಕ್ಕೆ ಯಾರಿದ್ದಾರೆ ಎಂದು ಕೇಳಿದಾಗಿನಿಂದ ಅರ್ಥಶಾಸ್ತ್ರ ಎಂದು ಉತ್ತರಿಸಿದೆ. ಶಾಲೆಯ ಸಮಾಜ ವಿಜ್ಞಾನ ಶಿಕ್ಷಕರನ್ನು ಮೂರನೇ ಅವಧಿಗೆ ಕರೆಯಬೇಕೆಂಬ ಅವರ ಸಲಹೆ ಸೂಕ್ತವಾದದ್ದು.

ಸಂಖ್ಯೆಗಳನ್ನು ಆರಿಸುವಾಗ ಭಾಗಾಕಾರ ಸುಲಭವಾಗುವಂತಿರಲಿ. 21 ಮತ್ತು 28ರ ಜೋಡಿಯಿಂದ 84 ಬರುವುದರಿಂದ ಮಕ್ಕಳ ಗಮನ ದಶಮಾಂಶದ ಮೇಲೆ ಪೋಲಾಗುವುದಿಲ್ಲ. ಮನೆಯ ಕಾರ್ಡು ಬರೆಯಿಸುವಾಗ ಆದಾಯವನ್ನು ಕೇಳಬೇಡಿ, ಪ್ರಯಾಣವನ್ನು ಮಾತ್ರ ಕೇಳಿ. ಕಾರ್ಡುಗಳಲ್ಲಿರುವ ಜನರನ್ನು ನಿಮ್ಮ ಊರಿಗೆ ತಕ್ಕಂತೆ ಬದಲಿಸಿಕೊಳ್ಳಿ: ಯಳಂದೂರಿನಲ್ಲಿ ಬಿಳಿಗಿರಿರಂಗನ ಬೆಟ್ಟಕ್ಕೆ ಹೋಗುವ ಜೀಪಿನವರು ಬರಬಹುದು, ಕೊಳ್ಳೇಗಾಲದಲ್ಲಿ ಸೀರೆ ವ್ಯಾಪಾರಿ ಬರಬಹುದು. ಆರನೆಯ ಕಾರ್ಡನ್ನು ಮಾತ್ರ ಯಾವ ಊರಿನಲ್ಲೂ ತೆಗೆಯಬೇಡಿ. ಅದನ್ನು ಮೊದಲ ಅವಧಿಯಲ್ಲೇ ಉಳಿದ ಐದರ ಜೊತೆ ಹಂಚಿ. ಆಗ ಗಾಡಿಯಿಲ್ಲದ ಮನೆಯ ಮಗು ಎದ್ದು ನಿಂತು ಕೇಳಬೇಕಾದ ಪ್ರಸಂಗ ಬರುವುದಿಲ್ಲ.